ರಾಜೀನಾಮೆ ಕೊಟ್ಟ ಮೇಲೆ ಶುರುವಾದದ್ದು: ಮೈಸೂರಿನ ಒಂದು ಪ್ರಕರಣ

ಮೈಸೂರಿನಲ್ಲಿ ನಾನು ಪಿ.ಎಫ್. (ಭವಿಷ್ಯನಿಧಿ), ಇ.ಎಸ್.ಐ. (ನೌಕರರ ವಿಮೆ) ಕಾಗದಪತ್ರದ ಕೆಲಸ ಮಾಡಿಕೊಡುತ್ತೇನೆ. ನನಗೆ ಫೀಸು ಕೊಡುವವರಲ್ಲಿ ಸಣ್ಣ ಕಾರ್ಖಾನೆಗಳ ಮಾಲೀಕರೇ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ಪ್ರಕರಣದಲ್ಲಿ ನಾನು ಕೂತದ್ದು ಮಾಲೀಕರ ಎದುರು ಕಡೆಯ ಕುರ್ಚಿಯಲ್ಲಿ. ಹೆಸರು, ಊರು, ಕಾರ್ಖಾನೆಯಲ್ಲಿ ತಯಾರಾಗುವ ಸಾಮಾನು ಎಲ್ಲವನ್ನೂ ಬದಲಾಯಿಸಿದ್ದೇನೆ. ದಿನಾಂಕಗಳನ್ನು ಸ್ವಲ್ಪ ಅತ್ತಿತ್ತ ಸರಿಸಿದ್ದೇನೆ. ಸಂಬಂಧಪಟ್ಟವರು ಓದಿ, ಎರಡು ಕಡೆ ತಿದ್ದಿಸಿ, ಸರಿ ಅಂದ ಮೇಲೆ ಇದನ್ನು ಹೊರಗೆ ಹಾಕುತ್ತಿದ್ದೇನೆ. ಅವರನ್ನು ಇಲ್ಲಿ ಲತಾ ಎನ್ನೋಣ.

ಹಿನ್ನೆಲೆ

ಲತಾ ಮಂಡ್ಯ ಹತ್ತಿರದ ಹಳ್ಳಿಯವರು. ಬಿ.ಕಾಂ. ಓದಿದ್ದಾರೆ. ಗಂಡನಿಗೆ ಒಂದೂವರೆ ಎಕರೆ ಕಬ್ಬು, ಜೊತೆಗೆ ಬಾಡಿಗೆ ಗೂಡ್ಸ್ ಆಟೋ. 2019ರ ಜೂನ್ 3ರಂದು ಮೈಸೂರಿನ ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗ ಕಾರ್ಖಾನೆಗೆ ಲೆಕ್ಕ ಮತ್ತು ಸ್ಟೋರ್ಸ್ ನೋಡಿಕೊಳ್ಳಲು ಸೇರಿದರು. ಸುಮಾರು ನಲವತ್ತು ಜನ ಕೆಲಸ ಮಾಡುವ ಜಾಗ. ದಿನಾ ಬೆಳಿಗ್ಗೆ ಮಂಡ್ಯದಿಂದ ರೈಲು, ಮೈಸೂರು ಸ್ಟೇಷನ್‌ನಿಂದ ಸಿಟಿ ಬಸ್ಸು. ಸೀಸನ್ ಪಾಸ್ ಇದ್ದದ್ದರಿಂದ ಖರ್ಚು ಹಗುರ.

ಸೇರುವಾಗ ಎರಡು ವಸ್ತು ಕೇಳಿ ಇಟ್ಟುಕೊಂಡರು. ಒಂದು, ಎಸ್.ಎಸ್.ಎಲ್.ಸಿ. ಮತ್ತು ಡಿಗ್ರಿಯ ಅಸಲಿ ಅಂಕಪಟ್ಟಿ. ಇನ್ನೊಂದು, ಸಹಿ ಮಾಡಿದ ಖಾಲಿ ಚೆಕ್ಕು. "ಎಲ್ರೂ ಕೊಡ್ತಾರೆ, ಸುಮ್ನೆ ಸೆಕ್ಯೂರಿಟಿಗೆ" ಎಂದರಂತೆ. ನಿಜ, ನಮ್ಮ ಕಡೆ ಎಷ್ಟೋ ಜಾಗದಲ್ಲಿ ಎಲ್ಲರೂ ಕೊಡುತ್ತಾರೆ. ಹಾಗಂತ ಅದು ಸರಿಯಾಗಿಬಿಡುವುದಿಲ್ಲ ಅಲ್ವಾ.

ಮೊದಲ ಮೂರು ವರ್ಷ ತೊಂದರೆ ಇರಲಿಲ್ಲ. ದೊಡ್ಡ ಸಾರ್ ಬಾಯಿ ಜೋರು, ಮನಸ್ಸು ಒಳ್ಳೇದು ಎಂದು ಲತಾ ಈಗಲೂ ಹೇಳುತ್ತಾರೆ. ಅವರಿಗೆ ಹುಷಾರು ತಪ್ಪಿ ಮಗ ಬಂದು ಕೂತ. ಕಾರ್ಖಾನೆಯವರ ಬಾಯಲ್ಲಿ ಚಿಕ್ಕ ಸಾರ್.

ಸಮಸ್ಯೆ

ಶುರುವಾದದ್ದು ಒಂದು ಗೇಟ್ ಪಾಸಿನಿಂದ. ಹಿತ್ತಾಳೆ ಸ್ಕ್ರ್ಯಾಪ್ ಬಿಲ್ ಇಲ್ಲದೆ ಹೊರಗೆ ಹೋಗುತ್ತಿತ್ತು, ದುಡ್ಡು ಕೈಯಿಂದ ಕೈಗೆ. ಒಂದು ಸಂಜೆ ಆ ಗಾಡಿಯ ಗೇಟ್ ಪಾಸಿಗೆ ಸಹಿ ಹಾಕಲು ಲತಾ ಒಪ್ಪಲಿಲ್ಲ. "ಬಿಲ್ ನಂಬರ್ ಇಲ್ದೆ ನಾನ್ ಹಾಕಲ್ಲ ಸಾರ್, ನಾಳೆ ಸ್ಟಾಕಲ್ಲಿ ಕಮ್ಮಿ ಬಂದ್ರೆ ನನ್ನ ಕೇಳ್ತೀರ" ಎಂದರು. ಅವತ್ತು ಚಿಕ್ಕ ಸಾರ್ ಏನೂ ಅನ್ನಲಿಲ್ಲ.

ಮಾರನೇ ವಾರದಿಂದ ಶುರು. ಎಲ್ಲರ ಎದುರು ರಿಜಿಸ್ಟರ್ ಎಸೆಯುವುದು. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಗ್ರೂಪಿನಲ್ಲಿ ಹೆಸರು ಹಿಡಿದು ಪ್ರಶ್ನೆ, ಅದಕ್ಕೆ ಐದು ನಿಮಿಷದಲ್ಲಿ ಉತ್ತರ ಬರದಿದ್ದರೆ ಬೆಳಿಗ್ಗೆ ನಿಲ್ಲಿಸಿ ಬೈಗುಳ. ಊಟಕ್ಕೆ ಜೊತೆ ಕೂರುತ್ತಿದ್ದವರು ಒಬ್ಬೊಬ್ಬರಾಗಿ ಬೇರೆ ಟೇಬಲ್ಲಿಗೆ ಹೋದರು. ಆಮೇಲೆ "ಸ್ಟಾಕ್ ಶಾರ್ಟೇಜ್" ಎಂಬ ಮಾತು ತೇಲಿಬಂತು. ಯಾವ ಸ್ಕ್ರ್ಯಾಪಿಗೆ ಲತಾ ಸಹಿ ಹಾಕಲಿಲ್ಲವೋ ಅದೇ ಸ್ಕ್ರ್ಯಾಪ್ ಈಗ ಅವರ ಲೆಕ್ಕದಲ್ಲಿ ಕಮ್ಮಿ.

ರೈಲು ನಾಗನಹಳ್ಳಿ ದಾಟುತ್ತಿದ್ದಂತೆ ಹೊಟ್ಟೆ ತೊಳಸುತ್ತಿತ್ತು ಎಂದು ಹೇಳಿದ್ದರು. ಮನೆಯಲ್ಲಿ ಹೇಳಿಕೊಂಡರೆ ಅತ್ತೆ, "ಕೆಲ್ಸ ಅಂದ್ಮೇಲೆ ಬೈಸ್ಕಳದು ಇದ್ದಿದ್ದೇ ಕಣವ್ವ, ಗದ್ದೇಲಿ ಬಿಸ್ಲು ಬೈಯಲ್ವಾ" ಅಂದರಂತೆ. ಅತ್ತೆಗೆ ಕೆಟ್ಟ ಉದ್ದೇಶ ಇರಲಿಲ್ಲ. ತಿಂಗಳಿಗೆ ಬರುವ 24,000 ರೂಪಾಯಿಯಲ್ಲಿ ಮಕ್ಕಳ ಫೀಸು, ಸ್ವಸಹಾಯ ಸಂಘದ ಕಂತು, ಚೀಟಿ ಎಲ್ಲಾ ನಡೆಯುತ್ತಿತ್ತು. ಕಬ್ಬಿನ ದುಡ್ಡು ಯಾವಾಗ ಕೈಗೆ ಸೇರುತ್ತದೆ ಎಂದು ಮಂಡ್ಯದಲ್ಲಿ ಯಾರಿಗೆ ತಾನೇ ಗೊತ್ತು?

ರೈಲಿನ ಗೆಳತಿಯೊಬ್ಬರು ನನ್ನ ಹತ್ತಿರ ಕಳಿಸಿದ್ದು 2024ರ ಫೆಬ್ರವರಿಯಲ್ಲಿ. ಬಂದವರು ಕೇಳಿದ್ದು ಒಂದೇ ಪ್ರಶ್ನೆ: "ನಾಳೆಯಿಂದ ಹೋಗದೆ ಇದ್ರೆ ಏನ್ ಮಾಡ್ತಾರೆ ಸರ್?"

ಮೊದಲ ತೀರ್ಮಾನ: ಈಗಲೋ, ಜೂನ್ ಆದ ಮೇಲೋ

ಆಗ ಅವರ ಸರ್ವಿಸು 4 ವರ್ಷ 8 ತಿಂಗಳು. ಗ್ರ್ಯಾಚುಯಿಟಿ ಅಂದರೆ ಬಹಳ ವರ್ಷ ದುಡಿದವರಿಗೆ ಬಿಡುವಾಗ ಕಂಪನಿ ಕೊಡುವ ಇಡುಗಂಟು. ಆಗ ನಡೆಯುತ್ತಿದ್ದದ್ದು 1972ರ ಕಾಯ್ದೆ. ಹತ್ತು ಅಥವಾ ಹೆಚ್ಚು ಜನ ಇರುವ ಸಂಸ್ಥೆಯಲ್ಲಿ ಐದು ವರ್ಷ ಸತತ ದುಡಿದವರಿಗೆ, ಪ್ರತಿ ವರ್ಷಕ್ಕೆ 15 ದಿನದ ಸಂಬಳ. ಲೆಕ್ಕ ಹಾಕುತ್ತಿದ್ದದ್ದು ಕೊನೆಯ ಬೇಸಿಕ್ (ಮೂಲ ಸಂಬಳ) ಮತ್ತು ಡಿ.ಎ.ಯನ್ನು (ತುಟ್ಟಿಭತ್ಯೆ) 26ರಿಂದ ಭಾಗಿಸಿ. ಲತಾ ಅವರ ಬೇಸಿಕ್, ಡಿ.ಎ. ಸೇರಿ 16,000. ಐದು ವರ್ಷ ತುಂಬಿದರೆ 46,154 ರೂಪಾಯಿ. ಐದನೇ ವರ್ಷದಲ್ಲಿ 240 ದಿನ ದುಡಿದಿದ್ದರೂ ಸಾಕು ಎಂದು ಮದ್ರಾಸ್ ಹೈಕೋರ್ಟಿನ ತೀರ್ಪೊಂದಿದೆ. ಆದರೆ ಆ ದಾರಿಯಲ್ಲಿ ಹೋದರೆ ಕಂಪನಿಯವರು ಕಾಯ್ದೆಯ ಐದು ವರ್ಷವನ್ನೇ ಹಿಡಿದು ಜಗ್ಗುತ್ತಾರೆ, ಕೇಸು ಎಳೆಯುತ್ತದೆ.

ನಾನು ಕಾಯಿರಿ ಎನ್ನಲಿಲ್ಲ, ಬಿಡಿ ಎಂದೂ ಅನ್ನಲಿಲ್ಲ. ದೇಹ ಕೈಕೊಡುತ್ತಿದ್ದರೆ 46 ಸಾವಿರ ದೊಡ್ಡದಲ್ಲ. ಎದೆ ನೋವು ಎಂದು ಹೇಳಿಕೊಂಡು ಬಂದ ಇನ್ನೊಬ್ಬರಿಗೆ ಅದೇ ವರ್ಷ "ಇವತ್ತೇ ಬಿಡಿ, ಕಾಗದ ಆಮೇಲೆ ನೋಡೋಣ" ಎಂದಿದ್ದೆ. ಲತಾ ಎರಡು ದಿನ ಯೋಚಿಸಿ ಕಾಯುತ್ತೇನೆ ಎಂದರು. ಅವರ ಕಾರಣ ನನಗೆ ಹಿಡಿಸಿತು. "ಒಂದು ತಾರೀಕು ಸಿಕ್ಕಿದ್ರೆ ಸಾಕು ಸರ್, ಅಲ್ಲೀತನಕ ಎಣಿಸ್ಕೊಂಡು ಹೋಗ್ತೀನಿ."

ನೇಮಕಾತಿ ಪತ್ರದಲ್ಲಿ ಒಂದು ತಿಂಗಳ ನೋಟಿಸ್ ಎಂದಿತ್ತು. ಆದ್ದರಿಂದ ಮೇ 6ಕ್ಕೆ ರಾಜೀನಾಮೆ ಕೊಡುವುದು, ಜೂನ್ 5 ಕೊನೆಯ ದಿನ. ಐದು ವರ್ಷ ಜೂನ್ 2ಕ್ಕೆ ತುಂಬುತ್ತದೆ. ನಡುವೆ ಮೂರು ದಿನದ ಅಂತರ. ಇನ್ನೂ ಒಂದು ವಾರ ಜಾಸ್ತಿ ಇಟ್ಟುಕೊಳ್ಳಬಹುದಿತ್ತೇನೋ. ಅವರಿಗೆ ಅಷ್ಟೂ ಬೇಡವಾಗಿತ್ತು.

ಒಳಗಿದ್ದಾಗಲೇ ಮಾಡಿಕೊಂಡದ್ದು

ಆ ಮೂರು ತಿಂಗಳು ಸುಮ್ಮನೆ ಕಳೆಯಲಿಲ್ಲ. ಪೇಸ್ಲಿಪ್ಪು, ನೇಮಕಾತಿ ಪತ್ರ, ಸಂಬಳ ಬಂದ ಬ್ಯಾಂಕ್ ಪಾಸ್‌ಬುಕ್ಕಿನ ಪುಟ, ತಮ್ಮ ಹೆಸರು ಹಿಡಿದು ಬೈದ ವಾಟ್ಸಾಪ್ ಮೆಸೇಜು, ಇಷ್ಟನ್ನು ಮಾತ್ರ ಎತ್ತಿಟ್ಟುಕೊಂಡರು. ಕಂಪನಿಯ ಗಿರಾಕಿ ಪಟ್ಟಿ, ರೇಟು, ಸ್ಟಾಕ್ ಫೈಲು ಯಾವುದನ್ನೂ ಮನೆಗೆ ತರಬೇಡಿ ಎಂದು ಕಟ್ಟುನಿಟ್ಟಾಗಿ ಹೇಳಿದ್ದೆ. ತಮಗೆ ಸೇರಿದ ಕಾಗದ ಇಟ್ಟುಕೊಳ್ಳುವುದು ಹಕ್ಕು. ಕಂಪನಿಯ ಕಾಗದ ಚೀಲದಲ್ಲಿ ಸಿಕ್ಕರೆ ಅವತ್ತೇ ಕಳ್ಳಿ ಎಂದು ಬರೆಸಿಬಿಡುತ್ತಾರೆ.

ಪಿ.ಎಫ್. ಪಾಸ್‌ಬುಕ್ ತೆಗೆಸಿ ನೋಡಿದಾಗ ಬೇರೆಯೇ ಕಥೆ. ಸಂಬಳದಿಂದ ತಿಂಗಳಿಗೆ 1,800 ಕಡಿತ ಆಗಿದೆ, ಪೇಸ್ಲಿಪ್ಪಿನಲ್ಲೂ ಇದೆ. ಆದರೆ ನವೆಂಬರಿನಿಂದ ಖಾತೆಗೆ ಒಂದು ಪೈಸೆ ಬಿದ್ದಿಲ್ಲ. ಕಂಪನಿ ಮುಂದಿನ ತಿಂಗಳ 15ನೇ ತಾರೀಕಿನೊಳಗೆ ಕಟ್ಟಬೇಕು. ನೌಕರರ ಸಂಬಳದಿಂದ ಹಿಡಿದು ಕಟ್ಟದೆ ಇದ್ದರೆ ಅದು ಬರೀ ಬಾಕಿಯಲ್ಲ, ಕ್ರಿಮಿನಲ್ ನಂಬಿಕೆದ್ರೋಹ. ನನ್ನ ಕಕ್ಷಿದಾರ ಮಾಲೀಕರಿಗೂ ಇದನ್ನೇ ಹೇಳುತ್ತಿರುತ್ತೇನೆ, ಅರ್ಧ ಜನ ನಗುತ್ತಾರೆ.

ಇಲ್ಲೊಂದು ಕವಲು ಬಂತು. ಬಿಲ್ ಇಲ್ಲದ ಸ್ಕ್ರ್ಯಾಪಿನ ವಿಷಯ ಜಿ.ಎಸ್.ಟಿ. ಇಲಾಖೆಗೆ ಬರೆದುಬಿಡೋಣ ಎಂದು ಲತಾ ಅವರ ಗಂಡ ಹಟ ಹಿಡಿದರು. ಕೋಪ ಅರ್ಥವಾಗುವಂಥದ್ದೇ. ಆದರೆ ಆ ರಿಜಿಸ್ಟರ್ ಬರೆದವರು ಲತಾ. ಕೈಬರಹ ಅವರದ್ದು. ದೂರು ಕೊಟ್ಟ ಮರುದಿನ ವಿಚಾರಣೆ ಅವರಿಂದಲೇ ಶುರುವಾಗುತ್ತದೆ, ತಮ್ಮ ಸ್ವಂತ ಬಾಕಿಯ ವಿಷಯ ಮೂಲೆಗೆ ಹೋಗುತ್ತದೆ. ಅವರು ಬಿಟ್ಟರು. ಕಣ್ಣೆದುರಿನ ತಪ್ಪನ್ನು ಬಿಡುವುದು ಸರಿಯೇ ಎಂದು ಕೇಳುವವರು ಇದ್ದಾರೆ. ಕೇಳಲಿ. ಪಿ.ಎಫ್. ವಿಷಯದಲ್ಲಿ ಕಾಗದ ಪೂರ್ತಿ ಅವರ ಪರ ಇತ್ತು, ಸ್ಕ್ರ್ಯಾಪಿನಲ್ಲಿ ಇರಲಿಲ್ಲ. ಕೈಯಲ್ಲಿ ಕಾಗದ ಇರುವ ಜಗಳವನ್ನಷ್ಟೇ ಆಡಿ ಎಂಬುದು ಈ ಇಡೀ ಪ್ರಕರಣದಲ್ಲಿ ನಾನು ಹಿಡಿದುಕೊಂಡ ಸೂತ್ರ.

ಖಾಲಿ ಚೆಕ್ಕು

ಲತಾ ಅವರ ನಿದ್ದೆ ಕೆಡಿಸಿದ್ದು ಬೈಗುಳಕ್ಕಿಂತ ಜಾಸ್ತಿ ಆ ಚೆಕ್ಕು. "ಮೂರು ಲಕ್ಷ ಬರ್ದು ಹಾಕ್ತೀನಿ, ಕೋರ್ಟಿಗೆ ಅಲೀತೀರ" ಎಂದು ಒಮ್ಮೆ ಅನ್ನಿಸಿಕೊಂಡಿದ್ದರು. ಚೆಕ್ ಬೌನ್ಸ್ ಕೇಸು, ಅಂದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ, ಎಂದರೆ ಯಾರಿಗಾದರೂ ಭಯವೇ. ಸ್ಟಾಪ್ ಪೇಮೆಂಟ್, ಅಂದರೆ ಈ ಚೆಕ್ಕಿಗೆ ದುಡ್ಡು ಕೊಡಬೇಡಿ ಎಂದು ಬ್ಯಾಂಕಿಗೆ ಬರೆದುಕೊಟ್ಟರೆ ಮುಗಿಯಿತು ಎಂದು ಜನ ತಿಳಿದಿದ್ದಾರೆ. ಮುಗಿಯುವುದಿಲ್ಲ. ಸ್ಟಾಪ್ ಪೇಮೆಂಟ್ ಮಾಡಿದ ಚೆಕ್ಕಿಗೂ 138 ಹಿಡಿಯುತ್ತದೆ ಎಂದು ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ. ಸಾಲವೇ ಇರಲಿಲ್ಲ ಎಂದು ತೋರಿಸುವ ಹೊಣೆ ಚೆಕ್ ಕೊಟ್ಟವರ ತಲೆಗೆ ಬರುತ್ತದೆ.

ಯಾವ ಬ್ಯಾಂಕಿನ ಚೆಕ್ಕಮ್ಮ ಎಂದು ಕೇಳಿದೆ. ಸಿಂಡಿಕೇಟ್ ಬ್ಯಾಂಕು ಎಂದರು.

ನನಗೆ ನಗು ಬಂತು, ಅವರಿಗೆ ಗಾಬರಿ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಹಳೇ ಚೆಕ್ ಪುಸ್ತಕ ನಡೆದದ್ದು 2021ರ ಜೂನ್ 30ರವರೆಗೆ ಮಾತ್ರ. 138ನೇ ಕಲಂ ಹಿಡಿಯಬೇಕಾದರೆ ಚೆಕ್ಕನ್ನು ಅದರ ವಾಯಿದೆಯೊಳಗೆ ಬ್ಯಾಂಕಿಗೆ ಹಾಕಿರಬೇಕು. ಬೀರುವಿನಲ್ಲಿ ಬೀಗ ಹಾಕಿ ಇಟ್ಟುಕೊಂಡಿದ್ದ ಆ ಚೆಕ್ಕು ಸತ್ತು ಮೂರು ವರ್ಷವಾಗುತ್ತಾ ಬಂದಿತ್ತು. ಲತಾ ತಮ್ಮ ಶಾಖೆಗೆ ಹೋಗಿ ಬರವಣಿಗೆಯಲ್ಲಿ ಕೇಳಿ ಖಚಿತ ಮಾಡಿಕೊಂಡರು. ಇಷ್ಟು ದಿನ ಹೆದರಿದ್ದು ಇದಕ್ಕಾ ಎಂದು ಬ್ಯಾಂಕಿನ ಹೊರಗೆ ನಿಂತು ಫೋನಿನಲ್ಲೇ ಅತ್ತರು.

ಎಲ್ಲರಿಗೂ ಇಂಥ ಅದೃಷ್ಟ ಇರುವುದಿಲ್ಲ. ಚೆಕ್ಕು ಜೀವಂತ ಇದ್ದಿದ್ದರೆ, ಇದು ಸೇರುವಾಗ ಭದ್ರತೆಗೆ ಕೊಟ್ಟದ್ದು, ನನ್ನಿಂದ ಯಾವ ಬಾಕಿಯೂ ಇಲ್ಲ, ವಾಪಸ್ ಕೊಡಿ ಎಂದು ಚೆಕ್ ನಂಬರ್ ಸಮೇತ ಮೊದಲೇ ಕಾಗದ ಹಾಕಿ ಇಟ್ಟಿರಬೇಕು. ಅವರು ತುಂಬಿ ಹಾಕಿದ ಮೇಲೆ ಬರೆದರೆ ತೂಕ ಕಮ್ಮಿ.

ಮೇ ತಿಂಗಳು

ಮೇ 6ಕ್ಕೆ ರಾಜೀನಾಮೆ ಪತ್ರ ಕೈಗೆ ಕೊಡಲು ಹೋದರು. ತೆಗೆದುಕೊಳ್ಳಲಿಲ್ಲ. ಅದಕ್ಕೆ ತಯಾರಾಗಿಯೇ ಹೋಗಿದ್ದರಿಂದ, ಅದೇ ದಿನ ಇ-ಮೇಲ್ ಹೋಯಿತು, ಸಂಜೆ ಅಕ್ನಾಲೆಜ್‌ಮೆಂಟ್ ಕಾರ್ಡ್ ಸಮೇತ ರಿಜಿಸ್ಟರ್ ಪೋಸ್ಟ್ ಹೋಯಿತು. ಕೆಲವು ದಿನಕ್ಕೆ ಲಕೋಟೆ ವಾಪಸ್ ಬಂತು. ಮೇಲೆ ಪೋಸ್ಟ್‌ಮನ್ ಕೆಂಪು ಶಾಯಿಯಲ್ಲಿ "ರೆಫ್ಯೂಸ್ಡ್" ಎಂದು ಬರೆದು ತಾರೀಕು ಹಾಕಿದ್ದ. ಲತಾ ಬೇಜಾರಾಗಿ ಲಕೋಟೆ ಹರಿಯಲು ಹೋದಾಗ ತಡೆದೆ. ಸರಿಯಾದ ವಿಳಾಸಕ್ಕೆ ಹೋಗಿ ನಿರಾಕರಿಸಿ ಬಂದ ರಿಜಿಸ್ಟರ್ ಪತ್ರ ಕಾನೂನಿನ ಕಣ್ಣಿಗೆ ತಲುಪಿದಂತೆಯೇ ಲೆಕ್ಕ. ಒಡೆಯದ ಲಕೋಟೆಗೆ ಇರುವ ಬೆಲೆ ಒಡೆದದ್ದಕ್ಕೆ ಇರುವುದಿಲ್ಲ.

ಎರಡನೇ ವಾರ ಚಿಕ್ಕ ಸಾರ್ ಏಕಾಏಕಿ ಸೌಮ್ಯವಾದರು. ಒಳಗೆ ಕರೆದು ಕಾಫಿ ತರಿಸಿದರು. ಟೈಪ್ ಮಾಡಿದ ಒಂದು ಕಾಗದ ಮುಂದಿಟ್ಟರು. "ಇದಕ್ಕೊಂದು ಸಹಿ ಹಾಕಿ, ಒಂದು ಹೊಸ ಚೆಕ್ ಕೊಡಿ. ಹಳೇದೂ, ಸರ್ಟಿಫಿಕೇಟೂ ಇವತ್ತೇ ಕೊಟ್ಟುಬಿಡ್ತೀನಿ." ಹೊಸ ಚೆಕ್ ಕೇಳಿದ್ದಾರೆ ಎಂದರೆ ಹಳೇದು ಸತ್ತಿರುವುದು ಅವರಿಗೂ ಗೊತ್ತಿತ್ತು. ಕಾಗದದ ಮೂರನೇ ಪ್ಯಾರಾದಲ್ಲಿ, ಸ್ಟಾಕ್ ವ್ಯತ್ಯಾಸಕ್ಕೆ ನಾನೇ ಜವಾಬ್ದಾರಿ ಎಂಬ ಒಂದು ಸಾಲು ಸೇರಿಕೊಂಡಿತ್ತು.

ಲತಾ ಪೆನ್ನು ಕೈಗೆ ತೆಗೆದುಕೊಂಡಿದ್ದರಂತೆ. ಐದು ವರ್ಷದ ಮೇಲೆ ಒಬ್ಬರು ಮೆತ್ತಗೆ ಮಾತಾಡಿದರೆ ಕೈ ತಾನಾಗಿ ಮುಂದೆ ಹೋಗುತ್ತದೆ. ಆಮೇಲೆ "ಮನೇಲಿ ಕೇಳಿ ಹೇಳ್ತೀನಿ ಸಾರ್" ಎಂದು ಎದ್ದು ಬಂದರು. ಈ ಪ್ರಕರಣದಲ್ಲಿ ಅತಿ ಮುಖ್ಯವಾದ ಗಳಿಗೆ ಇದೇ ಎಂದು ನನ್ನ ಲೆಕ್ಕ. ಆ ಮಾತಿನಲ್ಲಿ ಜಗಳವೂ ಇಲ್ಲ, ಒಪ್ಪಿಗೆಯೂ ಇಲ್ಲ. ಹೆಣ್ಣುಮಕ್ಕಳು ಮನೆಯಲ್ಲಿ ಕೇಳಬೇಕು ಎಂದರೆ ನಮ್ಮ ಕಡೆ ಯಾರೂ ಎದುರಾಡುವುದಿಲ್ಲ. ಆ ಹಳೇ ಪದ್ಧತಿ ಅವತ್ತು ಉಪಯೋಗಕ್ಕೆ ಬಂತು.

ಮೇ 20ರ ಬೆಳಿಗ್ಗೆ ಗೇಟಿನಲ್ಲೇ ತಡೆದರು. "ಇನ್ಮೇಲೆ ಬರಬೇಡಿ" ಎಂದು ಬಾಯಿಮಾತು. ಬರೆದುಕೊಡಿ ಎಂದರೆ ಇಲ್ಲ. ಜೂನ್ 2 ದಾಟದಂತೆ ನೋಡಿಕೊಳ್ಳುವ ಉಪಾಯ ಅದು.

ಮನೆಗೆ ಹೋಗಿ ಕೂತಿದ್ದರೆ "ಅವರೇ ಬಿಟ್ಟು ಹೋದರು" ಎಂದಾಗುತ್ತಿತ್ತು. ಆದ್ದರಿಂದ ಜೂನ್ 5ರವರೆಗೆ ಲತಾ ಕೆಲಸದ ದಿನ ತಪ್ಪದೆ ರೈಲು ಹತ್ತಿದರು. ಒಂಬತ್ತಕ್ಕೆ ಗೇಟಿನ ಮುಂದೆ ನಿಲ್ಲುವುದು, ಕೆಲಸಕ್ಕೆ ಬಂದಿದ್ದೇನೆ, ಒಳಗೆ ಬಿಡುತ್ತಿಲ್ಲ ಎಂದು ಅಲ್ಲಿಂದಲೇ ಇ-ಮೇಲ್ ಹಾಕುವುದು, ವಾಪಸ್ ಬರುವುದು. ಗೇಟಿನ ಸೆಕ್ಯುರಿಟಿ ವಯಸ್ಸಾದವರು. ಮೊದಲ ದಿನವೇ ವಿಸಿಟರ್ಸ್ ರಿಜಿಸ್ಟರಿನಲ್ಲಿ ಅವರ ಹೆಸರು, ಸಮಯ ಬರೆದು ಸಹಿಗೆ ಪುಸ್ತಕ ತಿರುಗಿಸಿದರು. "ಯಾರನ್ನು ನೋಡಲು" ಎಂಬ ಕಾಲಮ್ಮಿನಲ್ಲಿ "ಕೆಲಸಕ್ಕೆ" ಎಂದು ತುಂಬಿದ್ದರು. ನಿಮಗೆ ತೊಂದರೆ ಆಗುತ್ತದೆ ಎಂದು ಲತಾ ಅಂದದ್ದಕ್ಕೆ, "ನೀವ್ ಬಂದಿರದ್ ನಿಜ ತಾನೆ ಕಣವ್ವ, ಬರ್ದೆ. ಬಂದೋರ್ ಹೆಸ್ರು ಬರೀಲಿ ಅಂತ್ಲೇ ನನ್ನ ಇಲ್ಲಿ ಮಡ್ಗಿರದು" ಎಂದರಂತೆ. ದಿನಾ ಆ ಪುಟದ ಫೋಟೋ ತೆಗೆದುಕೊಂಡರು.

ಇದನ್ನು ಓದಲು ಸಲೀಸು. ಒಳಗೆ ಹೋಗುವ ಸಹೋದ್ಯೋಗಿಗಳು ಮುಖ ತಿರುಗಿಸಿಕೊಂಡು ದಾಟುವಾಗ ಗೇಟಿನ ಮುಂದೆ ನಿಲ್ಲುವುದು ಸಲೀಸಲ್ಲ.

ಕಚೇರಿಗಳ ಸುತ್ತ

ಜೂನಿನಲ್ಲಿ ಮೂರು ಅರ್ಜಿ ಮೂರು ಕಡೆ ಹೋದವು. ಗ್ರ್ಯಾಚುಯಿಟಿಗೆ ಕಂಪನಿಗೇ ಅರ್ಜಿ, 30 ದಿನದಲ್ಲಿ ಕೊಡದಿದ್ದರೆ ಸಹಾಯಕ ಕಾರ್ಮಿಕ ಆಯುಕ್ತರ ಮುಂದೆ. ಮೇ ತಿಂಗಳ ಸಂಬಳಕ್ಕೆ ಕಾರ್ಮಿಕ ಇಲಾಖೆ. ಪಿ.ಎಫ್. ಬಾಕಿಗೆ ಇ.ಪಿ.ಎಫ್.ಓ.ದ, ಅಂದರೆ ಪಿ.ಎಫ್. ನಡೆಸುವ ಸಂಸ್ಥೆಯ, ಆನ್‌ಲೈನ್ ದೂರು ಪೋರ್ಟಲ್. ಅಂಕಪಟ್ಟಿ ವಾಪಸ್ ಕೊಡಿಸಲು ಲಾಯರ್ ನೋಟಿಸ್ ಬೇಕಿತ್ತು. ಅದಕ್ಕೆ ದುಡ್ಡು ಖರ್ಚಾಗಲಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಇದೆ. ಜಿಲ್ಲಾ ಪ್ರಾಧಿಕಾರದಲ್ಲಿ ಒಂದು ಅರ್ಜಿ ಸಾಕು, 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ನನ್ನ ಹತ್ತಿರ ಬರುವ ಹತ್ತರಲ್ಲಿ ಒಂಬತ್ತು ಹೆಣ್ಣುಮಕ್ಕಳಿಗೆ ಇದು ಗೊತ್ತಿರುವುದಿಲ್ಲ.

ಮೊದಲು ಅಲುಗಾಡಿದ್ದು ಪಿ.ಎಫ್. ದೂರು. ಬಡ್ಡಿ, ದಂಡ, ಕೇಸು ಎಂಬ ಮಾತು ಬಂದ ತಕ್ಷಣ ಕಂಪನಿ ಬಾಕಿ ತಿಂಗಳುಗಳನ್ನು ಕಟ್ಟಿತು. ಅಲ್ಲಿ ಒಬ್ಬರ ಹೆಸರಲ್ಲಿ ಮಾತ್ರ ಕಟ್ಟಿ ಮುಗಿಸಲು ಆಗುವುದಿಲ್ಲ, ಎಲ್ಲರದ್ದೂ ಬಿತ್ತು. ಊಟಕ್ಕೆ ಬೇರೆ ಟೇಬಲ್ಲಿಗೆ ಹೋಗಿದ್ದವರ ಖಾತೆಗೂ ಬಿತ್ತು. ಅವರಲ್ಲಿ ಒಬ್ಬರು ಮಾತ್ರ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದರು.

ಗ್ರ್ಯಾಚುಯಿಟಿ ವಿಚಾರಣೆಗೆ ಕಂಪನಿಯ ಪರ ಬಂದ ಕನ್ಸಲ್ಟೆಂಟು ನನಗೆ ಗೊತ್ತಿರುವವರೇ. ಪಿ.ಎಫ್. ಕಚೇರಿ ಹತ್ತಿರ ಎಷ್ಟೋ ಸಲ ಒಟ್ಟಿಗೆ ಟೀ ಕುಡಿದಿದ್ದೇವೆ. "ಅವರು 20ಕ್ಕೇ ಬಿಟ್ಟರು, ಐದು ವರ್ಷ ಆಗಿಲ್ಲ" ಎಂದು ವಾದ ಶುರುಮಾಡಿದರು. ಲತಾ ರಿಜಿಸ್ಟರ್ ಪುಟದ ಫೋಟೋ, ಇ-ಮೇಲ್, ಒಡೆಯದ ಲಕೋಟೆ ಮೂರನ್ನೂ ಮೇಜಿನ ಮೇಲೆ ಇಟ್ಟರು. ಅಧಿಕಾರಿ "ಕೆಲಸಕ್ಕೆ" ಎಂದು ಬರೆದದ್ದನ್ನು ಓದಿ, ಅಸಲಿ ರಿಜಿಸ್ಟರ್ ತನ್ನಿ ಎಂದರು. ಮುಂದಿನ ತಾರೀಕಿಗೆ ರಿಜಿಸ್ಟರ್ ಬರಲಿಲ್ಲ, ರಾಜಿ ಪ್ರಸ್ತಾವ ಬಂತು.

46,154 ರೂಪಾಯಿ ಗ್ರ್ಯಾಚುಯಿಟಿ ಮತ್ತು ಮೇ ಸಂಬಳ ಕೊಡುತ್ತೇವೆ, ರಜೆ ಸಂಬಳ ಮತ್ತು ಜೂನಿನ ಐದು ದಿನ ಬಿಟ್ಟುಬಿಡಿ ಎಂದರು. ಹಠ ಹಿಡಿದಿದ್ದರೆ ಅದೂ ಬರುತ್ತಿತ್ತು, ಇನ್ನಷ್ಟು ತಿಂಗಳು ಹೋಗುತ್ತಿದ್ದವು. ಲತಾ ಬಿಟ್ಟರು. ಬಿಡದೆ ಇದ್ದದ್ದು ಒಂದೇ. ರಾಜಿ ಪತ್ರದಲ್ಲಿ "ಸ್ಟಾಕ್ ಸಂಬಂಧ ನೌಕರರ ಮೇಲೆ ಕಂಪನಿಯ ಯಾವ ಬೇಡಿಕೆಯೂ ಇಲ್ಲ" ಎಂಬ ಸಾಲು ಬೇಕೇ ಬೇಕು ಎಂದು ಕೂತರು. ಅರ್ಧ ಗಂಟೆ ಎಳೆದಾಡಿ ಆ ಸಾಲು ಸೇರಿತು. ಅಂಕಪಟ್ಟಿಗಳು ಪ್ಲಾಸ್ಟಿಕ್ ಕವರಿನಲ್ಲಿ ವಾಪಸ್ ಬಂದವು, ಸತ್ತ ಚೆಕ್ಕೂ ಬಂತು.

ಇದು ಹಳೇ ಕಾಯ್ದೆಗಳ ಕಾಲದ ಕಥೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟು ಹೋದವರಿಗೂ ಎರಡು ಕೆಲಸದ ದಿನಗಳಲ್ಲಿ ಸಂಬಳದ ಬಾಕಿ ಕೊಡಬೇಕು. ಕಾಯಂ ನೌಕರರಿಗೆ ಗ್ರ್ಯಾಚುಯಿಟಿಯ ಐದು ವರ್ಷ ಹಾಗೇ ಇದೆ, ನಿಗದಿತ ಅವಧಿಗೆ ಸೇರಿದವರಿಗೆ ಒಂದು ವರ್ಷ ಸಾಕು.

ಕಾಗದ ಮುಟ್ಟದ ಜಾಗ

ಅಷ್ಟರಲ್ಲಿ ಇನ್ನೊಂದು ತೊಂದರೆ ನಡೆದೇ ಇತ್ತು. ನಂಜನಗೂಡು ರಸ್ತೆಯ ಒಂದು ಕಂಪನಿಯಲ್ಲಿ ಇಂಟರ್‌ವ್ಯೂ ಚೆನ್ನಾಗಿ ಆಗಿ, "ಸೋಮವಾರದಿಂದ ಬನ್ನಿ" ಎಂದಿದ್ದರು. ಶನಿವಾರದಿಂದ ಫೋನ್ ಎತ್ತಲಿಲ್ಲ. ಹಳೇ ಕಡೆಗೆ ಫೋನ್ ಹೋಗಿತ್ತು, ಅಲ್ಲಿಂದ "ಸ್ಟೋರ್ಸಲ್ಲಿ ಕೈ ಹಾಕಿದ್ದಾರೆ" ಎಂಬ ಉತ್ತರ ಬಂದಿತ್ತು. ಮೈಸೂರು ದೊಡ್ಡ ಊರು ನಿಜ, ಅಕೌಂಟ್ಸ್ ಮತ್ತು ಪರ್ಚೇಸ್ ಜನಕ್ಕೆ ಅದೊಂದು ಬೀದಿ.

ಮಾನನಷ್ಟ ಮೊಕದ್ದಮೆ ಹಾಕೋಣ ಎಂದರು. ಬೇಡ ಎಂದೆ. ಫೋನಿನಲ್ಲಿ ಕೇಳಿಸಿಕೊಂಡವರು ಕೋರ್ಟಿಗೆ ಬಂದು ಹೇಳುವುದಿಲ್ಲ. ಬದಲಿಗೆ ಹೊಸ ಕಡೆ ಅವರೇ ಮೊದಲು ಬಾಯಿ ಬಿಡುವುದು ಎಂದು ತೀರ್ಮಾನವಾಯಿತು. ಮೊದಲ ಸಲ ಅರ್ಧ ಗಂಟೆ ಎಲ್ಲಾ ಹೇಳಿದರು, ಗೇಟ್ ಪಾಸಿನಿಂದ ಹಿಡಿದು. ಎದುರಿನವರ ಮುಖ ಸಪ್ಪೆಯಾಯಿತು. ಇವರನ್ನು ಸೇರಿಸಿಕೊಂಡರೆ ನಮ್ಮ ಕಥೆಯನ್ನೂ ಹೀಗೇ ಹೇಳುತ್ತಾರೆ ಎಂದು ಅನ್ನಿಸುವುದು ಸಹಜ.

ಎರಡನೇ ಸಲಕ್ಕೆ ಮೂರೇ ಮಾತು ಕಲಿತು ಹೋದರು. "ಹಳೇ ಕಡೆ ಮಾಲೀಕರು ಬದಲಾದ ಮೇಲೆ ನನಗೆ ಹೊಂದಲಿಲ್ಲ, ನೋಟಿಸ್ ಕೊಟ್ಟು ಬಿಟ್ಟೆ. ಫೋನ್ ಮಾಡಿದರೆ ಸ್ಟಾಕ್ ವಿಷಯ ಹೇಳಬಹುದು, ಅಂಥ ಬೇಡಿಕೆ ಯಾವುದೂ ಇಲ್ಲ ಅಂತ ಅವರೇ ಸಹಿ ಹಾಕಿದ ಕಾಗದ ಇದೆ. ಐದು ವರ್ಷ ನನ್ನ ಲೆಕ್ಕ ನೋಡಿದ ಆಡಿಟರ್ ನಂಬರ್ ಕೊಡ್ತೀನಿ, ಅವರನ್ನ ಕೇಳಿ." ಅಲ್ಲಿಗೆ ನಿಲ್ಲಿಸುವುದು. ಆ ಒಂದು ಸಾಲಿಗಾಗಿ ಅರ್ಧ ಗಂಟೆ ಕೂತದ್ದು ಇಲ್ಲಿ ಕೆಲಸಕ್ಕೆ ಬಂತು.

ಆಗಸ್ಟಿನಲ್ಲಿ ಕೆಲಸ ಸಿಕ್ಕಿತು. ಮಂಡ್ಯದಲ್ಲೇ ಒಂದು ಟ್ರಾಕ್ಟರ್ ಶೋರೂಮಿನಲ್ಲಿ ಲೆಕ್ಕ, ಸಂಬಳ 19,000. ಐದು ಸಾವಿರ ಕಮ್ಮಿ, ರೈಲಿಲ್ಲ.

ನಿದ್ದೆ ಪೂರ್ತಿ ಕೆಟ್ಟದ್ದು ಆಗಲೇ. ಎಲ್ಲಾ ಮುಗಿದ ಮೇಲೆ. ರಾತ್ರಿ ಹನ್ನೊಂದಕ್ಕೆ ಮೊಬೈಲು ಸದ್ದು ಮಾಡದಿದ್ದರೂ ಎಚ್ಚರ. "ಬಿಟ್ಟಾಯ್ತಲ್ಲ, ಇನ್ನೇನ್ ನಿಂಗೆ" ಎಂದು ಗಂಡನಿಗೆ ಅರ್ಥವಾಗಲಿಲ್ಲ. ಜಗಳ ನಡೆಯುವಾಗ ದೇಹ ತಡೆದುಕೊಂಡು, ಮುಗಿದ ಮೇಲೆ ಕುಸಿಯುವುದನ್ನು ನಾನು ಬೇಕಾದಷ್ಟು ಜನರಲ್ಲಿ ನೋಡಿದ್ದೇನೆ. ನನ್ನ ಕೆಲಸ ಅದಲ್ಲ, ಆದ್ದರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಟ್ಟೆ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಅಲ್ಲಿಂದ ಡಾಕ್ಟರ ಹತ್ತಿರ ಹೋದರು, ಕೆಲವು ತಿಂಗಳು ಮಾತ್ರೆ ತೆಗೆದುಕೊಂಡರು.

ಹೊಸ ಜಾಗದಲ್ಲಿ ಬೇರೆ ತರಹದ ಇರುಸುಮುರುಸು. ಒಂದು ಬೋಲ್ಟ್ ಕೊಟ್ಟರೂ ಸಹಿ ಮಾಡಿ ಎನ್ನುತ್ತಿದ್ದರು. ಮೆಕ್ಯಾನಿಕ್ ಹುಡುಗರು "ಏನಕ್ಕಾ, ನಮ್ಮನ್ನೇನ್ ಕಳ್ರು ಅನ್ಕೊಂಡ್ರಾ" ಎಂದು ಸಿಟ್ಟಾದರು. ಶೋರೂಮಿನವರು ಒಂದು ದಿನ ಕೂರಿಸಿಕೊಂಡು, "ಐನೂರು ರೂಪಾಯಿ ಮೇಲಿನ ಸಾಮಾನಿಗೆ ಮಾತ್ರ ಸಹಿ ತಗೊಳ್ಳಿ ಮೇಡಂ, ಉಳಿದದ್ದು ನನ್ನ ಲೆಕ್ಕ" ಎಂದರು. ಗದರದೆ, ಇಷ್ಟರವರೆಗೆ ಎಂದು ಗೆರೆ ಹಾಕಿಕೊಟ್ಟದ್ದರಿಂದ ಅವರಿಗೆ ಬಿಡುವುದು ಸಾಧ್ಯವಾಯಿತು. ಇಂಥ ಜಾಗದಿಂದ ಬಂದವರನ್ನು ಸೇರಿಸಿಕೊಳ್ಳುವ ಮಾಲೀಕರು ಈ ಕಥೆ ಓದುತ್ತಿದ್ದರೆ, ಈ ಪ್ಯಾರಾ ಅವರಿಗೆ.

ಪಿ.ಎಫ್. ಈಗ

ಕಂಪನಿ ಕೆಲಸ ಬಿಟ್ಟ ದಿನಾಂಕವನ್ನು ಪೋರ್ಟಲ್ಲಿನಲ್ಲಿ ಹಾಕಲೇ ಇಲ್ಲ. ಅದಿಲ್ಲದೆ ಖಾತೆ ಮುಂದೆ ಸಾಗುವುದಿಲ್ಲ. ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಸದಸ್ಯರೇ ಆಧಾರ್ ಓ.ಟಿ.ಪಿ. ಬಳಸಿ ಅದನ್ನು ಹಾಕಿಕೊಳ್ಳಬಹುದು. ನನ್ನ ಮೇಜಿನ ಮುಂದೆ ಕೂತು ತಾವೇ ಹಾಕಿದರು.

ಗಂಡನಿಗೆ ಆ ದುಡ್ಡು ತೆಗೆದು ಬೋರ್‌ವೆಲ್ ಕೊರೆಸುವ ಆಸೆ. ಆಗಿನ ನಿಯಮದಲ್ಲಿ ಕೆಲಸವಿಲ್ಲದೆ ಎರಡು ತಿಂಗಳಾದವರು ಪೂರ್ತಿ ತೆಗೆಯಬಹುದಿತ್ತು. ಐದು ವರ್ಷ ದಾಟಿದ್ದರಿಂದ ತೆರಿಗೆಯೂ ಇರಲಿಲ್ಲ. ಪಿಂಚಣಿಗೆ ಮಾತ್ರ ಹತ್ತು ವರ್ಷದ ಸರ್ವಿಸ್ ಬೇಕು, ತೆಗೆದರೆ ಈ ಐದು ಹೋಗುತ್ತದೆ ಎಂದು ಇಬ್ಬರಿಗೂ ಲೆಕ್ಕ ಬರೆದು ತೋರಿಸಿದೆ. ಲತಾ ತೆಗೆಯಲಿಲ್ಲ. ಶೋರೂಮಿನ ಖಾತೆಗೆ ವರ್ಗ ಮಾಡಿಸಿದರು. ಮೊದಲ ಅರ್ಜಿ ಅಪ್ಪನ ಹೆಸರಿನ ಇನಿಷಿಯಲ್ ಹೊಂದಲಿಲ್ಲ ಎಂದು ತಿರಸ್ಕಾರವಾಯಿತು, ತಿದ್ದಿ ಮತ್ತೆ ಹಾಕಿದ್ದು ಪಾಸಾಯಿತು. ಬೋರ್‌ವೆಲ್‌ಗೆ ಚೀಟಿ ಎತ್ತಿದರು.